ಆನ್‌ಲೈನ್ ಹರಾಜಿನಲ್ಲಿ ಸುಳ್ಳು ಸವಾಲು: ಗುರುತಿಸುವ ಬಗೆ



ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದು ನಿಮಗೆಲ್ಲ ತಿಳಿದ ಸಂಗತಿ. ಮಾರುವವರು, ಕೊಳ್ಳುವವರು ಇಬ್ಬರೂ ಕೈಮೇಲೆ ಒಂದು ಟವಲು ಹೊದಿಸಿಕೊಂಡು, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಎಷ್ಟೆಂದು ಒಬ್ಬರಿಗೂ ತಿಳಿಯದು. ಅದಾದ ಮೇಲೆ ಮಂಡಿಯಲ್ಲಿ ಬಹಿರಂಗ ಹರಾಜು ಬಂತು. ಅಲ್ಲಿ ಬೆಲೆ ಎಲ್ಲರ ಕಿವಿಗೂ ಬೀಳುತ್ತಿತ್ತು, ನಿಜ. ಆದರೆ ಕೂಗಿದ ಮಾತು ಗಾಳಿಗೆ ಹೋಗುತ್ತಿತ್ತು. ನಾಳೆ ಬಂದು, "ನಿನ್ನೆ ಯಾರು ಎಷ್ಟು ಕೂಗಿದರು ಸ್ವಾಮಿ?" ಅಂತ ಕೇಳಿದರೆ ಹೇಳುವವರು ಇರುತ್ತಿರಲಿಲ್ಲ.

ಈಗ ಮೂರನೆಯ ಬಗೆಯ ಹರಾಜು ನಮ್ಮ ಮನೆಬಾಗಿಲಿಗೆ ಬಂದಿದೆ. ಅದೇ ಆನ್‌ಲೈನ್ ಹರಾಜು. ಜೋಳ, ರಾಗಿ, ಕೊಬ್ಬರಿ, ರೇಷ್ಮೆಗೂಡು, ಹೂವು ಎಲ್ಲವೂ ಕಂಪ್ಯೂಟರಿನ ಮೂಲಕ ಹರಾಜಾಗುತ್ತಿವೆ. ಹಳೆಯ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಬ್ಯಾಂಕಿನವರು ವಶಪಡಿಸಿಕೊಂಡ ಗಾಡಿ ಇವೂ ಹಾಗೆಯೇ ಹರಾಜಿಗೆ ಬರುತ್ತವೆ. ಹರಾಜಿನಲ್ಲಿ ಒಬ್ಬರು ಹೇಳುವ ಬೆಲೆಗೆ ನಾವು ಸವಾಲು ಅನ್ನುತ್ತೇವೆ, ಪೇಟೆಯವರು ಬಿಡ್ ಅನ್ನುತ್ತಾರೆ. ಈ ಹೊಸ ಹರಾಜಿನಲ್ಲಿ ಪ್ರತಿಯೊಂದು ಸವಾಲೂ ಹೆಜ್ಜೆ ಗುರುತು ಬಿಟ್ಟುಹೋಗುತ್ತದೆ. ಯಾರು ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು, ಎಷ್ಟಕ್ಕೆ ಹಾಕಿದರು ಎಂಬುದೆಲ್ಲ ಯಂತ್ರದಲ್ಲಿ ದಾಖಲಾಗಿರುತ್ತದೆ. ಹೊಲಕ್ಕೆ ಹಂದಿ ನುಗ್ಗಿದರೆ ನಾವು ಮೊದಲು ಏನು ಮಾಡುತ್ತೇವೆ? ಹೆಜ್ಜೆ ನೋಡುತ್ತೇವೆ. ಎಷ್ಟು ಹಂದಿ, ಯಾವ ಕಡೆಯಿಂದ ಬಂದವು, ಎಲ್ಲಿಗೆ ಹೋದವು ಎಂದು ಹೆಜ್ಜೆಯೇ ಹೇಳುತ್ತದೆ. ಸುಳ್ಳು ಸವಾಲನ್ನು ಗುರುತಿಸುವುದೂ ಹಾಗೆಯೇ. ಈ ಹೆಜ್ಜೆ ಓದುವ ಬಗೆಯೇ ಇವತ್ತಿನ ವಿಷಯ.

ಈ ಮಾತಿಗೆ ಎರಡು ಮುಖಗಳಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಾವು ಮಾರುವವರಾದಾಗ ಮೋಸವಾದರೆ ಅದು ಬೆಲೆ ತಗ್ಗಿಸುವ ಮೋಸ. ಕೊಳ್ಳುವವರು ಒಳಗೊಳಗೇ ಕೂಟ ಕಟ್ಟುತ್ತಾರೆ. ನಾವು ಕೊಳ್ಳುವವರಾದಾಗ ಮೋಸವಾದರೆ ಅದು ಬೆಲೆ ಏರಿಸುವ ಮೋಸ. ಮಾರುವವನೇ ತನ್ನ ಕಡೆಯವರಿಂದ ಸವಾಲು ಹಾಕಿಸುತ್ತಾನೆ. ಒಂದರಲ್ಲಿ ಸವಾಲು ಇರಬೇಕಾದಲ್ಲಿ ಇರುವುದಿಲ್ಲ. ಇನ್ನೊಂದರಲ್ಲಿ ಇರಬಾರದ ಸವಾಲು ಇರುತ್ತದೆ.

ಮೊದಲು ಮಾರುವ ಮಾತು.

ನಮ್ಮ ರಾಜ್ಯದಲ್ಲಿ 2014ರಲ್ಲಿ ಸರ್ಕಾರವೂ ಎನ್‌ಸಿಡಿಇಎಕ್ಸ್‌ನವರೂ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಏರ್ಪಾಡು ಬಂತು. ಕೇಂದ್ರ ಸರ್ಕಾರದ ಇ-ನಾಮ್ ಶುರುವಾದದ್ದು 2016ರ ಏಪ್ರಿಲ್ 14ರಂದು. ಅಂದರೆ ಈ ದಾರಿಯಲ್ಲಿ ಕರ್ನಾಟಕ ಎರಡು ವರ್ಷ ಮುಂದೆಯೇ ಹೆಜ್ಜೆ ಇಟ್ಟಿತ್ತು. ಇ-ಟೆಂಡರು ನಡೆಯುವ ಕ್ರಮ ಹೀಗಿದೆ: ನಿಮ್ಮ ಮಾಲು ಮಾರುಕಟ್ಟೆಯ ಗೇಟಿನಲ್ಲಿ ದಾಖಲಾಗುತ್ತದೆ. ಅದಕ್ಕೊಂದು ಲಾಟು ನಂಬರು ಬೀಳುತ್ತದೆ. ವರ್ತಕರು ಬಂದು ಮಾಲು ನೋಡಿ, ತಮ್ಮ ತಮ್ಮ ಬೆಲೆಯನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹಾಕುತ್ತಾರೆ. ಒಬ್ಬರು ಹಾಕಿದ ಬೆಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಗೊತ್ತಾದ ಹೊತ್ತಿಗೆ ಟೆಂಡರು ತೆರೆಯುತ್ತದೆ. ಹೆಚ್ಚು ಹಾಕಿದವರು ಗೆದ್ದ ಹಾಗೆ. ಆದರೆ ಇಲ್ಲೊಂದು ಮಾತನ್ನು ಗಂಟು ಹಾಕಿಕೊಳ್ಳಿ. ಆ ಬೆಲೆ ನಿಮಗೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ನಿಮಗಿದೆ. ಗೆದ್ದವರು ವರ್ತಕರಾದರೂ ಮಾಲು ಇನ್ನೂ ನಿಮ್ಮದೇ.

ಈ ಏರ್ಪಾಡಿನಿಂದ ಲಾಭವಾಗಿಲ್ಲವೆ? ಆಗಿದೆ. ಇದನ್ನು ಪರಿಶೀಲಿಸಿದ ವಿದ್ವಾಂಸರು 2020ರಲ್ಲಿ ಒಂದು ಲೇಖನ ಪ್ರಕಟಿಸಿದರು. ಭತ್ತಕ್ಕೆ ನೂರಕ್ಕೆ 5.1, ನೆಲಗಡಲೆಗೆ 3.6, ಮೆಕ್ಕೆಜೋಳಕ್ಕೆ 3.5ರಷ್ಟು ಬೆಲೆ ಹೆಚ್ಚಿತೆಂದು ಅವರ ಲೆಕ್ಕ. ಆದ್ದರಿಂದ ಯಂತ್ರವನ್ನು ದೂರುವುದಕ್ಕೆ ನಾನು ಇಲ್ಲಿ ಬಂದಿಲ್ಲ. ಆದರೆ ಯಂತ್ರ ಎಷ್ಟೇ ನೇರವಾಗಿದ್ದರೂ ಅದರೊಳಗೆ ಬೆಲೆ ಹಾಕುವವರು ಮನುಷ್ಯರೇ ಅಲ್ಲವೆ? ಒಂದೇ ಅಂಗಡಿಯ ಜಗಲಿ ಮೇಲೆ ಕೂತು ಚಹಾ ಕುಡಿಯುವ ಮೂವರು, "ಇವತ್ತು ನಿನಗೆ, ನಾಳೆ ನನಗೆ" ಎಂದು ಮಾತಾಡಿಕೊಂಡರೆ ಕಂಪ್ಯೂಟರಿಗೆ ಅದು ಕೇಳಿಸುವುದಿಲ್ಲ. ನಾವೇ ಕಣ್ಣಿಟ್ಟಿರಬೇಕು.

ಹಾಗಾದರೆ ಯಾವುದರ ಮೇಲೆ ಕಣ್ಣಿಡಬೇಕು? ಐದು ಗುರುತು ಹೇಳುತ್ತೇನೆ.

ಒಂದು, ಸರದಿಯ ಗೆಲುವು. ಒಂದು ಲೆಕ್ಕ ಇಟ್ಟುಕೊಳ್ಳೋಣ. ಒಂದೇ ಗುಣದ ಮೆಕ್ಕೆಜೋಳ. ಸೋಮವಾರ ಮೊದಲನೆಯ ವರ್ತಕರು 2,010 ರೂಪಾಯಿಗೆ ಗೆದ್ದರು. ಎರಡನೆಯವರು 2,005, ಮೂರನೆಯವರು 2,000 ಹಾಕಿದ್ದರು. ಬುಧವಾರ ಎರಡನೆಯವರು 2,010ಕ್ಕೆ ಗೆದ್ದರು, ಉಳಿದಿಬ್ಬರು 2,005 ಮತ್ತು 2,000. ಶುಕ್ರವಾರ ಮೂರನೆಯವರ ಸರದಿ, ಮತ್ತೆ ಅದೇ 2,010. ಮೂರು ದಿನ, ಮೂವರು, ಐದೈದು ರೂಪಾಯಿ ಅಂತರ. ಬಾವಿಯಲ್ಲಿ ನೀರು ಸೇದುವವರ ಹಾಗೆ ಸರದಿ ಹಿಡಿದಿದ್ದಾರೆ. ನಿಜವಾದ ಪೈಪೋಟಿ ಇಷ್ಟು ಓರಣವಾಗಿರುವುದಿಲ್ಲ. ಅದು ಸ್ವಲ್ಪ ಏರುಪೇರಾಗಿಯೇ ಇರುತ್ತದೆ.

ಎರಡು, ಸವಾಲುಗಳ ಎಣಿಕೆ. ಅಂಗಳದಲ್ಲಿ ಹತ್ತು ವರ್ತಕರು ಮಾಲು ನೋಡಿ ಹೋದರು. ಬೆಲೆ ಹಾಕಿದವರು ಮಾತ್ರ ಒಬ್ಬರು ಅಥವಾ ಇಬ್ಬರು. ಉಳಿದವರು ಯಾಕೆ ಸುಮ್ಮನಾದರು? ಹಾಕದೆ ಉಳಿದ ಸವಾಲೂ ಒಂದು ಹೆಜ್ಜೆ ಗುರುತೇ. ನಿಮ್ಮ ಲಾಟಿಗೆ ಎಷ್ಟು ಜನ ಬೆಲೆ ಹಾಕಿದರೆಂದು ಮಾರುಕಟ್ಟೆ ಕಚೇರಿಯಲ್ಲಿ ವಿಚಾರಿಸಿ.

ಮೂರು, ಗುಣಕ್ಕೆ ತಕ್ಕ ಬೆಲೆ ಇಲ್ಲದಿರುವುದು. ಒಣಗಿಸಿ, ತೂರಿ, ಹಸನು ಮಾಡಿದ ಮಾಲಿಗೂ ಮಣ್ಣು ಬೆರೆತ ಹಸಿ ಮಾಲಿಗೂ ಒಂದೇ ಬೆಲೆ ಬಿದ್ದರೆ, ಮಾಲು ನೋಡಿ ಬೆಲೆ ಹಾಕಿಲ್ಲ, ಮೊದಲೇ ಮಾತಾಡಿಕೊಂಡು ಹಾಕಿದ್ದಾರೆ ಎಂದು ಸಂಶಯ ಪಡಲು ಎಡೆಯುಂಟು.

ನಾಲ್ಕು, ಮಿತಿ ಮೀರಿದ ಸವಾಲು. 2,000 ರೂಪಾಯಿಯ ಮಾಲಿಗೆ ಯಾರೋ 2,900 ಹಾಕಿಬಿಟ್ಟರು. ನಮಗೆ ಸಂತೋಷವೇ. ಆದರೆ ಸಂಜೆಗೆ ಬಂದು, "ಕೈತಪ್ಪಿ ಅಂಕಿ ಬಿತ್ತು, ನನಗೆ ಬೇಡ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಉಳಿದ ವರ್ತಕರು ಮನೆಗೆ ಹೋಗಿರುತ್ತಾರೆ. ಗಾಡಿಯ ಬಾಡಿಗೆ ಏರುತ್ತಿರುತ್ತದೆ. ಆಗ ಯಾರೋ ಒಬ್ಬರು ಬಂದು 1,850ಕ್ಕೆ ಕೇಳುತ್ತಾರೆ. ಅಂಕಿ ತಪ್ಪುವುದು ಒಂದು ಸಲ ಸಹಜ. ಅದೇ ಹೆಸರಿನವರಿಗೆ ಮೂರು ಸಲ ಕೈತಪ್ಪಿದರೆ ಅದು ಕೈಯ ತಪ್ಪಲ್ಲ.

ಐದು, ಗೆದ್ದ ಮೇಲೆ ಚೌಕಾಸಿ. ಟೆಂಡರಿನಲ್ಲಿ 2,100 ಹಾಕಿ ಗೆಲ್ಲುತ್ತಾರೆ. ತೂಕದ ಹೊತ್ತಿಗೆ, "ಒಳಗೆ ಮಾಲು ಸರಿ ಇಲ್ಲ, ನೂರು ಕಡಿಮೆ ಮಾಡ್ಕೊಳ್ಳಿ" ಅನ್ನುತ್ತಾರೆ. ಮಾಲು ನೋಡಿಯೇ ಅಲ್ಲವೆ ಬೆಲೆ ಹಾಕಿದ್ದು? ಹೀಗೆ ಪ್ರತಿ ಸಲವೂ ಇಳಿಸುವವರ ಸವಾಲು ಮೊದಲಿನಿಂದಲೇ ಸುಳ್ಳು. ಇಪ್ಪತ್ತೈದು ಕ್ವಿಂಟಾಲಿಗೆ ನೂರರ ಹಾಗೆ ಹೋದರೆ 2,500 ರೂಪಾಯಿ. ಮಗಳ ಕಾಲೇಜಿನ ಬಸ್ಸಿನ ಖರ್ಚು ಅಲ್ಲೇ ಹೋಯಿತು.

ಆದರೆ ಬಂಧುಗಳೆ, ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಂಶಯವೇ ಸಾಕ್ಷಿಯಲ್ಲ. ಸವಾಲು ಕಡಿಮೆಯಾಗುವುದಕ್ಕೆ ನ್ಯಾಯವಾದ ಕಾರಣಗಳೂ ಇರುತ್ತವೆ. ಆವಕ ಹೆಚ್ಚಾಗಿರಬಹುದು. ಲಾರಿ ಸಿಕ್ಕಿರುವುದಿಲ್ಲ. ಮಾಲಿನಲ್ಲಿ ತೇವ ಇರಬಹುದು. ಹಬ್ಬದ ಮಾರನೆ ದಿನ ವರ್ತಕರೇ ಕಡಿಮೆ ಇರಬಹುದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಮೆಣಸಿನಕಾಯಿಯ ದರ ಒಮ್ಮೆಲೇ ಕುಸಿಯಿತೆಂದು ರೈತರು ರೊಚ್ಚಿಗೆದ್ದರು. ಮಾರುಕಟ್ಟೆ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಆಮೇಲೆ ಪೋಲೀಸು, ಬಂಧನ, ಕೋರ್ಟು. ಬೆಳೆದವರ ಹೊಟ್ಟೆಯ ಉರಿ ಎಂಥದೆಂದು ಬೆಳೆದವರಿಗೇ ಗೊತ್ತು. ಆದರೂ ಒಂದು ಮಾತು ಯೋಚಿಸಿ. ಆವಕ ಹೆಚ್ಚಾದರೂ ದರ ಇಳಿಯುತ್ತದೆ, ಕೂಟ ಕಟ್ಟಿದರೂ ದರ ಇಳಿಯುತ್ತದೆ. ಯಾವುದರಿಂದ ಇಳಿಯಿತೆಂದು ಬೇರ್ಪಡಿಸಿ ಹೇಳಬಲ್ಲದ್ದು ಲಾಟಿನ ದಾಖಲೆ ಒಂದೇ. ದಾಖಲೆ ಇರುವ ಕಚೇರಿಗೇ ಬೆಂಕಿ ಬಿದ್ದರೆ ನಮ್ಮ ಸಾಕ್ಷಿಯನ್ನು ನಾವೇ ಸುಟ್ಟ ಹಾಗಾಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಗಾದರೆ ಏನು ಮಾಡಬೇಕು? ಬೆಲೆ ಒಪ್ಪದಿದ್ದರೆ ಮೊದಲು ಬೇಡವೆಂದು ಹೇಳಿ, ಮರಳಿ ಟೆಂಡರಿಗೆ ಇಡಲು ಕೇಳಿ. ದಿನಾಂಕ, ಲಾಟು ನಂಬರು, ಗೆದ್ದ ಬೆಲೆ, ಗೆದ್ದವರ ಅಂಗಡಿ, ಎಷ್ಟು ಜನ ಹಾಕಿದರು, ಈ ಐದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಬ್ಬರ ಒಂದು ಲಾಟಿನಿಂದ ಏನೂ ತಿಳಿಯದು. ಊರಿನ ಹತ್ತು ಮನೆಯವರು ಹತ್ತು ಲಾಟಿನ ಲೆಕ್ಕವನ್ನು ಒಂದೆಡೆ ಕೂಡಿಸಿದರೆ ಸರದಿಯೇನಾದರೂ ಇದ್ದರೆ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆ ಪಟ್ಟಿಯೊಂದಿಗೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಕೂಡಿಕೊಂಡು ಸವಾಲು ಹಾಕುವುದನ್ನು 2002ರ ಸ್ಪರ್ಧಾ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ. ದೊಡ್ಡ ಮಟ್ಟದ ಕೂಟವಾದರೆ ದೆಹಲಿಯ ಸ್ಪರ್ಧಾ ಆಯೋಗದವರೆಗೂ ದೂರು ಹೋಗಬಹುದು.

ಕೂಟವನ್ನು ಮುರಿಯುವ ಉಪಾಯಗಳೂ ಇವೆ. ನಮ್ಮ ರಾಜ್ಯದಲ್ಲೇ ಬೇಳೆಕಾಳಿನ ಒಂದು ದೊಡ್ಡ ಮಾರುಕಟ್ಟೆಯಲ್ಲಿ ಎರಡು ಸುತ್ತಿನ ಟೆಂಡರು ನಡೆಸಿ ನೋಡಿದರು. ಮೊದಲ ಸುತ್ತಿನಲ್ಲಿ ಮೇಲೆ ನಿಂತವರಿಗೆ ಎರಡನೆಯ ಸುತ್ತಿನಲ್ಲಿ ಇನ್ನೂ ಏರಿಸಲು ಅವಕಾಶ. ಇದರಿಂದ ಬೆಲೆ ನೂರಕ್ಕೆ 4.7ರಷ್ಟು ಹೆಚ್ಚಿತೆಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ಹರಾಜಿನ ಕ್ರಮ ಬದಲಾದರೆ ಬೆಲೆ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ಸಮಿತಿಯ ಸಭೆಗಳಲ್ಲಿ ಇಂಥದನ್ನು ಕೇಳುವ ಹಕ್ಕನ್ನು ನಾವು ಬಿಟ್ಟುಕೊಡಬಾರದು.

ಹೂವು ಬೆಳೆಯುವವರಿಗೂ ಒಂದು ಮಾತು. ಬೆಂಗಳೂರಿನ ಹೆಬ್ಬಾಳದ ಅಂತಾರಾಷ್ಟ್ರೀಯ ಹೂವಿನ ಹರಾಜು ಕೇಂದ್ರದ ಕ್ರಮವೇ ಬೇರೆ. ಅದು ಹಾಲೆಂಡ್ ದೇಶದಿಂದ ಬಂದ ಗಡಿಯಾರದ ಹರಾಜು. ಬೆಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ಅಲ್ಲಿ ಒಂದು ಲಾಟಿಗೆ ಒಂದೇ ಸವಾಲು, ಏರುವ ಮೆಟ್ಟಿಲೇ ಇಲ್ಲ. ಹಾಗಾಗಿ ಇಂಥ ಹರಾಜಿನಲ್ಲಿ ನೋಡಬೇಕಾದ್ದು, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಎಷ್ಟು ಜನ ಕೊಳ್ಳುವವರಿದ್ದರು, ಅದೇ ತಳಿಯ, ಅದೇ ಉದ್ದದ ಗುಲಾಬಿ ಹಿಂದಿನ ದಿನಗಳಲ್ಲಿ ಎಷ್ಟಕ್ಕೆ ಹೋಗಿತ್ತು ಎಂದು ಬರೆದಿಡಿ. ಕೊಳ್ಳುವವರು ಅಷ್ಟೇ ಮಂದಿ ಇದ್ದು, ಮುಳ್ಳು ದಿನವೂ ಕನಿಷ್ಠ ಬೆಲೆಯ ಅಂಚಿಗೇ ಬಂದು ನಿಲ್ಲುತ್ತಿದ್ದರೆ ಅದನ್ನು ವಿಚಾರಿಸಬೇಕು.

ಇನ್ನು ನಾವು ಕೊಳ್ಳುವ ಮಾತು.

ಹೆಬ್ಬಾಳದಿಂದ ದಕ್ಷಿಣಕ್ಕೆ ಪೇಟೆಯ ಕಡೆ ಬಂದರೆ, ಕಂಟೋನ್ಮೆಂಟ್ ರೈಲು ನಿಲ್ದಾಣದ ಬಳಿ ಬೆನ್ಸನ್ ಟೌನ್ ಎಂಬ ಬಡಾವಣೆ ಸಿಗುತ್ತದೆ. ಹಳೆಯ ಬಂಗಲೆ, ಹೊಸ ಮಹಡಿ ಮನೆ ಎರಡೂ ಇರುವ ಜಾಗ. ಹಳ್ಳಿಯಿಂದ ಬಂದು ಅಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಇದು ಕಟ್ಟಿದ ಕಥೆ, ಆದರೆ ಲೆಕ್ಕ ಮಾತ್ರ ನಿಜವಾದ ಲೆಕ್ಕ. ತಂದೆ ಮಾಲೂರು ಕಡೆಯ ಹಳ್ಳಿಯಲ್ಲಿದ್ದಾರೆ. ಅವರಿಗೊಂದು ಹಳೆಯ ಪವರ್ ಟಿಲ್ಲರು ಬೇಕಾಗಿದೆ. ಹುಡುಗ ರಾತ್ರಿ ರೂಮಿಗೆ ಬಂದು ಮೊಬೈಲಿನಲ್ಲಿ ಒಂದು ಹರಾಜು ನೋಡುತ್ತಾನೆ.

"ಅಪ್ಪಾ, ಟಿಲ್ಲರು ಚೆನ್ನಾಗಿದೆ. ಎಷ್ಟರ ತನಕ ಹೋಗಲಿ?"

"ಎಂಬತ್ತು ಸಾವಿರ ದಾಟಬೇಡ ಮಗ. ಕಡಿಮೆಗೆ ಸಿಕ್ಕಿದರೆ ನೋಡು."

ಇಂಥ ಕೆಲವು ಹರಾಜುಗಳಲ್ಲಿ ನಮ್ಮ ಕೊನೆಯ ಬೆಲೆಯನ್ನು ಗುಟ್ಟಾಗಿ ಹೇಳಿಡಬಹುದು. ಬೇರೆಯವರು ಸವಾಲು ಹಾಕಿದಾಗ ಯಂತ್ರವೇ ನಮ್ಮ ಪರವಾಗಿ ಒಂದೊಂದು ಮೆಟ್ಟಿಲು ಏರಿಸುತ್ತದೆ. ಈ ಹರಾಜಿನಲ್ಲಿ ಒಂದು ಮೆಟ್ಟಿಲು ಅಂದರೆ ಸಾವಿರ ರೂಪಾಯಿ. ಹುಡುಗ 80,000 ಎಂದು ಗುಟ್ಟಾಗಿ ಇಟ್ಟ. ಆಗ ಬೆಲೆ 62,000ದಲ್ಲಿ ನಿಂತಿತ್ತು, ಮುಂದಿದ್ದವನು ಅವನೇ.

ಒಂಬತ್ತು ಗಂಟೆಗೆ ಯಾರೋ ಒಮ್ಮೆಲೇ 95,000 ಹಾಕಿದರು. ಹುಡುಗನ ಮಿತಿ ದಾಟಿತು. ಬೆಲೆ 81,000 ಎಂದು ತೋರಿತು. ನೋಡಿ, ಇಲ್ಲೇ ಇದೆ ಗುಟ್ಟು! 81,000 ಎಂದು ತೋರಿದ ಕೂಡಲೇ, ಈ ಹುಡುಗನ ಕೊನೆಯ ಬೆಲೆ 80,000 ಎಂದು ಎದುರಿನವರಿಗೆ ತಿಳಿದುಹೋಯಿತು. ಎರಡು ನಿಮಿಷದಲ್ಲಿ ಅವರು, "ಅಂಕಿ ತಪ್ಪಾಯಿತು" ಎಂದು ತಮ್ಮ ಸವಾಲನ್ನು ಹಿಂದಕ್ಕೆ ತೆಗೆದುಕೊಂಡರು. ಬೆಲೆ ಮತ್ತೆ 62,000ಕ್ಕೆ ಇಳಿಯಿತು. ಹುಡುಗನಿಗೆ ಸಮಾಧಾನವೂ ಆಯಿತು. ಆಮೇಲೆ ಅದೇ ಹೆಸರಿನವರು 70,000 ಹಾಕಿದರು, 75,000 ಹಾಕಿದರು, 79,000 ಹಾಕಿದರು. ಪ್ರತಿ ಸಲವೂ ಯಂತ್ರ ಹುಡುಗನನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಿತು. 80,000ಕ್ಕೆ ಬಂದು ನಿಂತಿತು. ಎದುರಿನವರು ಅಲ್ಲಿಗೆ ಸುಮ್ಮನಾದರು. ಹುಡುಗ ಗೆದ್ದ, ಅಂದರೆ 18,000 ರೂಪಾಯಿ ಕಳೆದುಕೊಂಡ. ಎದುರಿಗಿದ್ದವರು ಕೊಳ್ಳುವವರೇ ಅಲ್ಲ, ಮಾರುವವರ ಕಡೆಯವರು.

ಇಲ್ಲಿ ಬಿದ್ದ ಹೆಜ್ಜೆಗಳನ್ನು ಈಗ ಒಂದೊಂದಾಗಿ ನೋಡೋಣ.

ಒಮ್ಮೆಲೇ ದೊಡ್ಡ ನೆಗೆತ, ತಕ್ಷಣ ಹಿಂತೆಗೆತ, ಮತ್ತೆ ಅದೇ ಹೆಸರಿನಿಂದ ಸಣ್ಣ ಸವಾಲುಗಳು. ಇದು ಎಲ್ಲಕ್ಕಿಂತ ಕೆಟ್ಟ ಗುರುತು. ಹಿಂತೆಗೆದ ಸವಾಲು ಕಂಡರೆ ಆ ಹರಾಜಿನಲ್ಲಿ ನಿಮ್ಮ ಗುಟ್ಟು ಬಯಲಾಯಿತೆಂದೇ ತಿಳಿಯಿರಿ. ನಿಮ್ಮ ಮಿತಿಯನ್ನು ಇಳಿಸಲು ದಾರಿಯಿದ್ದರೆ ಕೂಡಲೇ ಇಳಿಸಿ. ಇಲ್ಲವಾದರೆ ನಡೆಸುವವರಿಗೆ ದೂರು ಬರೆಯಿರಿ.

ಎರಡನೆಯದು, ಎದುರಿನವರ ಹಿಂದಿನ ಚರಿತ್ರೆ. ಕೆಲವು ಕಡೆ ಒಬ್ಬರು ಹಿಂದೆ ಯಾವ ಯಾವ ಹರಾಜಿನಲ್ಲಿ ಸವಾಲು ಹಾಕಿದ್ದಾರೆಂದು ನೋಡಬಹುದು. ಅದೇ ಮಾರಾಟಗಾರರ ಪಂಪ್‌ಸೆಟ್ಟಿಗೂ ಅವರೇ, ಟ್ರೇಲರಿಗೂ ಅವರೇ, ಟಿಲ್ಲರಿಗೂ ಅವರೇ. ಒಂದನ್ನೂ ಕೊಂಡಿಲ್ಲ. ಬೇರೆ ಯಾರ ಮಾಲಿಗೂ ಸವಾಲು ಹಾಕಿಲ್ಲ. ಮದುವೆ ಮನೆಗೆಲ್ಲ ಬಂದು ಊಟ ಮಾಡದೆ ಹೋಗುವವರ ಮೇಲೆ ನಮಗೆ ಸಂಶಯ ಬರುವುದಿಲ್ಲವೆ? ಹಾಗೆಯೇ ಇದು.

ಮೂರನೆಯದು, ಹೊತ್ತು. ನಿಜವಾಗಿ ಬೇಕಾದವರು ಸಾಮಾನ್ಯವಾಗಿ ಕಾದು, ಯೋಚಿಸಿ, ಹರಾಜು ಮುಗಿಯುವ ಹೊತ್ತಿಗೆ ಗಟ್ಟಿ ಸವಾಲು ಹಾಕುತ್ತಾರೆ. ಬಾಡಿಗೆ ಸವಾಲಿನವರಿಗೆ ಗೆಲ್ಲುವ ಭಯ. ಅವರು ನೀವು ಹಾಕಿದ ಕ್ಷಣವೇ ಒಂದು ಮೆಟ್ಟಿಲು ಏರಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಮಾತ್ರ ಕಾಣೆಯಾಗುತ್ತಾರೆ.

ನಾಲ್ಕನೆಯದು, ಅದೇ ವಾರ ಹುಟ್ಟಿದ ಖಾತೆ. ನಿನ್ನೆ ಮೊನ್ನೆ ಹೆಸರು ನೋಂದಾಯಿಸಿದವರು ಮೂರು ಜನ, ಒಂದೇ ಮಾಲಿನ ಮೇಲೆ ಜಿದ್ದಿಗೆ ಬಿದ್ದಿದ್ದಾರೆ. ಮೂರು ಹೆಸರಿನ ಹಿಂದೆ ಒಬ್ಬರೇ ಇರಬಹುದು.

ಇಲ್ಲಿಯೂ ಅದೇ ಎಚ್ಚರಿಕೆ ಬೇಕು. ಪದೇ ಪದೇ ಸೋಲುವವರೆಲ್ಲ ಕಳ್ಳರಲ್ಲ. ಹಳೆಯ ಸಾಮಾನಿನ ವ್ಯಾಪಾರಿಗಳು ಹತ್ತು ಕಡೆ ಕಡಿಮೆಗೆ ಕೇಳಿ ಒಂದು ಕಡೆ ಗೆಲ್ಲುತ್ತಾರೆ. ಅದು ಅವರ ಕಸುಬು. ಒಂದು ಗುರುತು ಕಂಡರೆ ಎಚ್ಚರ ಸಾಕು. ಎರಡು ಮೂರು ಗುರುತು ಒಟ್ಟಿಗೆ ಕಂಡರೆ ದೂರ ಸರಿಯಿರಿ.

ಈ ವಿದ್ಯೆ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿ. ಅಮೆರಿಕ ದೇಶದಲ್ಲಿ 2000ದ ಇಸವಿಯಲ್ಲಿ ವಕೀಲರೊಬ್ಬರು ಇ-ಬೇ ಎಂಬ ಆನ್‌ಲೈನ್ ಹರಾಜಿನಲ್ಲಿ ಒಂದು ಚಿತ್ರಪಟ ಮಾರಿದರು. 25 ಸೆಂಟಿಗೆ ಶುರುವಾದ ಬೆಲೆ 1,35,805 ಡಾಲರಿಗೆ ಏರಿತು. ವಿಚಾರಿಸಿ ನೋಡಿದರೆ ಆ ವಕೀಲರೂ ಅವರ ಗೆಳೆಯರೂ ಹಲವು ಹೆಸರಿನಲ್ಲಿ ಒಬ್ಬರ ಮಾಲಿಗೆ ಇನ್ನೊಬ್ಬರು ಸವಾಲು ಹಾಕುತ್ತಿದ್ದರು. ಮಾರಾಟ ರದ್ದಾಯಿತು, ಮುಂದಿನ ವರ್ಷ ಆ ವಕೀಲರು ತಪ್ಪೊಪ್ಪಿಕೊಂಡರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ನ್ಯಾಯಾಲಯದಲ್ಲಿ 2010ರಲ್ಲಿ ಇನ್ನೊಬ್ಬರ ಮೇಲೆ ತಪ್ಪು ಸಾಬೀತಾಯಿತು. ಅವರು ಮಾರಿದ್ದು ಮಿನಿ ಬಸ್ಸು. ತಮ್ಮ ಬಸ್ಸಿಗೆ ತಾವೇ ಬೇರೆ ಹೆಸರಿನಲ್ಲಿ ಸವಾಲು ಹಾಕಿ ಬೆಲೆ ಏರಿಸಿದ್ದರು. ಎರಡೂ ಕಡೆ ಹೆಸರು ಬೇರೆ ಬೇರೆ ಇದ್ದರೂ ದಾಖಲೆ ಹಿಡಿದುಕೊಟ್ಟಿತು.

ನಮ್ಮ ದೇಶದ ಕಾನೂನೂ ಸುಮ್ಮನಿಲ್ಲ. ಸರಕು ಮಾರಾಟ ಕಾಯಿದೆ ಎಂದು 1930ರಲ್ಲಿ ಆದದ್ದು ಈಗಲೂ ಜಾರಿಯಲ್ಲಿದೆ. ಅದರ 64ನೆಯ ಕಲಮಿನಲ್ಲಿ ಹೀಗಿದೆ: ಸವಾಲು ಹಾಕುವ ಹಕ್ಕನ್ನು ಮೊದಲೇ ಎಲ್ಲರಿಗೂ ತಿಳಿಸಿ ಕಾಯ್ದಿರಿಸಿಕೊಂಡಿರದಿದ್ದರೆ, ಮಾರುವವರು ತಾವಾಗಲಿ ತಮ್ಮ ಕಡೆಯವರಿಂದಾಗಲಿ ಸವಾಲು ಹಾಕಿಸುವಂತಿಲ್ಲ. ಬೆಲೆ ಏರಿಸಲು ಸುಳ್ಳು ಸವಾಲು ಹಾಕಿಸಿದ್ದರೆ ಆ ಮಾರಾಟವನ್ನು ರದ್ದು ಮಾಡಿಸುವ ಹಕ್ಕು ಕೊಂಡವರಿಗೆ ಇದೆ. ಈ ಇಸವಿಯನ್ನು ನೆನಪಿಡಿ. ಯಾಕೆಂದರೆ ಆನ್‌ಲೈನಿನಲ್ಲಿ ಹಣದ ವಂಚನೆಯಾದಾಗ ಕರೆ ಮಾಡಬೇಕಾದ ನಂಬರೂ 1930ನೇ! ಹಣ ಹೋದ ಮೇಲೆ ನಾಳೆ ನಾಡಿದ್ದು ಎನ್ನದೆ ಕೂಡಲೇ ಕರೆ ಮಾಡಿದರೆ ಹಣ ಕೈದಾಟುವುದನ್ನು ತಡೆಯುವ ಸಾಧ್ಯತೆ ಹೆಚ್ಚು. ಮಾಲಿನ ವಿಷಯದ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹರಾಜು ಮುಗಿದ ಮೇಲೆ ಬರುವ ಮೋಸವೂ ಒಂದಿದೆ. ನೀವು ಸೋತಿದ್ದೀರಿ. ಮಾರನೆ ದಿನ ಫೋನು ಬರುತ್ತದೆ: "ಗೆದ್ದವರು ಹಣ ಕಟ್ಟಲಿಲ್ಲ ಸಾರ್, ನಿಮಗೇ ಕೊಡುತ್ತೇವೆ, ಈ ನಂಬರಿಗೆ ಹತ್ತು ಸಾವಿರ ಹಾಕಿ." ಹಾಕಬೇಡಿ. ಹರಾಜು ನಡೆದ ಜಾಗವನ್ನು ಬಿಟ್ಟು ಹೊರಗೆ ಹಣ ಕೇಳುವ ಯಾರನ್ನೂ ನಂಬಬೇಡಿ. ಬ್ಯಾಂಕಿನ ಹರಾಜಾದರೆ ಪ್ರಕಟಣೆಯಲ್ಲಿ ಹೇಳಿದ ಶಾಖೆಗೇ ಹೋಗಿ ವಿಚಾರಿಸಿ. ಗಾಡಿಯನ್ನು ಕಣ್ಣಾರೆ ನೋಡಿ. ಠೇವಣಿಯನ್ನು ಪ್ರಕಟಣೆಯಲ್ಲಿ ತೋರಿಸಿದ ಖಾತೆಗೇ ಕಟ್ಟಿ.

ತಾಯಂದಿರಿಗೆ ಒಂದು ಮಾತು. ಮನೆಯ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಅದು ನಿಲ್ಲುತ್ತದೆ. ಮಾರಿದ ಲಾಟಿನ ಪುಸ್ತಕವನ್ನು ನೀವು ಇಟ್ಟುಕೊಳ್ಳಿ. ಕೊಳ್ಳುವಾಗ ಕೊನೆಯ ಬೆಲೆ ಎಷ್ಟೆಂದು ಮನೆಮಂದಿಯೆಲ್ಲ ಕೂತು ಹಗಲಿನಲ್ಲೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ಅಂಕಿ ಏರುವಾಗ ಗಂಡಸರಿಗೆ ಜಿದ್ದು ಹತ್ತುತ್ತದೆ. "ಇನ್ನೊಂದು ಸಾವಿರ ತಾನೆ" ಅನ್ನುತ್ತಾರೆ. ಸುಳ್ಳು ಸವಾಲಿನವರು ಕಾಯುವುದು ಆ ಒಂದು ಮಾತಿಗೇ. ಆಗ ನೀವು ಗೋಡೆಯ ಚೀಟಿ ತೋರಿಸಿ.

ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಮಾತು ನಮ್ಮದು. ಮಾರುವಾಗ ಬೇಡವೆನ್ನುವ ಹಕ್ಕನ್ನು ಬಿಡಬೇಡಿ, ಕೊಳ್ಳುವಾಗ ಬರೆದಿಟ್ಟ ಬೆಲೆಯನ್ನು ದಾಟಬೇಡಿ. ಒಂದು ಸವಾಲು ನೋಡಿ ಹಿಗ್ಗಬೇಡಿ, ಒಂದು ಸವಾಲು ನೋಡಿ ಕುಗ್ಗಲೂಬೇಡಿ. ಹತ್ತು ಸವಾಲಿನ ಹೆಜ್ಜೆ ನೋಡಿ, ಬರೆದಿಡಿ, ನೆರೆಹೊರೆಯವರ ಪುಸ್ತಕದೊಂದಿಗೆ ಹೋಲಿಸಿ. ಬೆಳೆಯುವ ಕಷ್ಟ ನಮ್ಮದಾದ ಮೇಲೆ ಬೆಲೆಯ ಲೆಕ್ಕವೂ ನಮ್ಮ ಕೈಯಲ್ಲೇ ಇರಬೇಕು.